ಆಶ್ರಯಗೃಹಗಳಲ್ಲಿ ಅಗ್ನಿಭಯವೂ ಅದರ ಮುಂಜಾಗ್ರತೆಯೂ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಕನ್ನಡನಾಡಿನ ಮಠಗಳು ಅನ್ನವನ್ನಿಕ್ಕಿ, ಅಕ್ಷರವನ್ನು ಕಲಿಸಿ, ಅನಾಥರಿಗೆ ನೆರಳನ್ನಿತ್ತು ಮಾಡಿದ ಲೋಕೋಪಕಾರವು ಸರ್ವರಿಗೂ ವಿದಿತವೇ ಇರುವದು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಬಾಲಕರು ಒಂದೇ ಆವರಣದಲ್ಲಿ ಉಂಡು, ಮಲಗಿ, ವಿದ್ಯೆಯನ್ನು ಕಲಿಯುತ್ತಿರುವರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಹಾಕಿಕೊಟ್ಟ ಪರಂಪರೆಯಂತೆ ಅಂಧ ಬಾಲಕರು ಸಂಗೀತವಿದ್ಯೆಯನ್ನು ಅಭ್ಯಾಸ ಮಾಡುತ್ತಿರುವರು. ಈಚೆಗೆ ಮಕ್ಕಳು ದೂರ ದೇಶಗಳಿಗೆ ತೆರಳಿ ಒಂಟಿಯಾದ ವೃದ್ಧರಿಗೂ ಅನೇಕ ಸ್ಥಳಗಳಲ್ಲಿ ಆಶ್ರಯಗೃಹಗಳು ಏರ್ಪಟ್ಟಿವೆ. ಹಗಲು ಮಠಕ್ಕೆ ಬಂದವರು ಪ್ರಸಾದವನ್ನು ಸ್ವೀಕರಿಸಿ ತಮ್ಮ ತಮ್ಮ ಮನೆಗಳಿಗೆ ಹಿಂದಿರುಗುವರು. ಆದರೆ ಈ ನಿಲಯಗಳಲ್ಲಿ ರಾತ್ರಿ ಉಳಿಯುವ ಬಾಲಕರೂ ವೃದ್ಧರೂ ರೋಗಿಗಳೂ ತಮ್ಮ ದೇಹರಕ್ಷಣೆಯ ಭಾರವನ್ನು ಇನ್ನೊಬ್ಬರಿಗೆ ಒಪ್ಪಿಸಿ ಕಣ್ಣು ಮುಚ್ಚಿರುವರು. ನಡುರಾತ್ರಿಯಲ್ಲಿ ಬೆಂಕಿಯೆದ್ದರೆ ಆ ಭಾರವನ್ನು ಹೊತ್ತವರು ಏನು ಮಾಡತಕ್ಕದ್ದು, ಅದಕ್ಕಾಗಿ ಹಗಲಿನಲ್ಲಿಯೇ ಏನನ್ನು ಸಿದ್ಧಪಡಿಸಿ ಇಡತಕ್ಕದ್ದು ಎಂಬುದೇ ಈ ಉಪನ್ಯಾಸದ ವಿಷಯವಾಗಿದೆ. ಮಹೋತ್ಸವದ ಸಂಭ್ರಮದಲ್ಲಿ ಬೆಂಕಿಯ ಮಾತನ್ನೆತ್ತುವದು ಅಪಶಕುನವೆಂದು ಕೆಲವರಿಗೆ ತೋರಬಹುದು. ಶಕುನ ನೋಡುವ ಪದ್ಧತಿಯನ್ನು ಶರಣರು ಒಪ್ಪಿದವರಲ್ಲವಾದ್ದರಿಂದ ಈ ಸಭೆಯಲ್ಲಿ ಆ ಸಂಕೋಚಕ್ಕೆ ಎಡೆಯಿಲ್ಲ.

ತಮಿಳುನಾಡಿನ ರಾಮನಾಥಪುರ ಜಿಲ್ಲೆಯಲ್ಲಿ ಏರ್ವಾಡಿ ಎಂಬ ಗ್ರಾಮವಿದೆ. ಅಲ್ಲಿಯ ದರ್ಗಾದ ಮಹಿಮೆಯಿಂದ ಚಿತ್ತಭ್ರಮೆಯು ಗುಣವಾಗುವದೆಂಬ ನಂಬಿಗೆಯಿಂದ ನಾನಾ ಪ್ರಾಂತಗಳ ಜನರು ತಮ್ಮ ಮನೆಯ ರೋಗಿಗಳನ್ನು ಅಲ್ಲಿಗೆ ಕರೆತರುತ್ತಿದ್ದರು. ಸುತ್ತಲೂ ಖಾಸಗಿ ಜನರು ನಡೆಸುವ ಆಶ್ರಯಗೃಹಗಳು ಬೆಳೆದಿದ್ದವು. 2001ನೆಯ ಇಸವಿ ಆಗಸ್ಟ್ 6ನೆಯ ತಾರೀಖಿನ ಬೆಳಗಿನ ಜಾವದಲ್ಲಿ ಇಂಥ ಒಂದು ಗೃಹದ ಗರಿಯ ಮಾಡಿಗೆ ಬೆಂಕಿ ತಗಲಿತು. ಒಳಗಿದ್ದವರು ಸರಪಳಿಗಳಿಂದ ಬಿಗಿಯಲ್ಪಟ್ಟಿದ್ದರು. ಬಿಗಿತವು ಸಡಿಲವಾಗಿದ್ದ ಕೆಲವರು ಹೇಗೋ ಹೊರಬಿದ್ದರು. ಉಳಿದವರು ಕೂಗಿಕೊಂಡರೂ ಬಿಡಿಸಲು ಸಮಯವಿರಲಿಲ್ಲ. 28 ಜನರು ಪ್ರಾಣ ಬಿಟ್ಟರು. ಒಂದು ವಾರದೊಳಗೆ ಅಂಥ ಗೃಹಗಳನ್ನೆಲ್ಲ ಮುಚ್ಚಿಸಿ, ಐನೂರಕ್ಕೂ ಹೆಚ್ಚು ರೋಗಿಗಳನ್ನು ಸರಕಾರವು ತನ್ನ ವಶಕ್ಕೆ ತೆಗೆದುಕೊಂಡಿತು. ಸರ್ವೋಚ್ಚ ನ್ಯಾಯಾಲಯವು ತಾನಾಗಿಯೇ ವಿಚಾರಣೆಯನ್ನು ಕೈಗೊಂಡಿತು. ಮುಂದೆ 2017ನೆಯ ಇಸವಿಯ ಮಾನಸಿಕ ಆರೋಗ್ಯಾರೈಕೆ ಕಾನೂನಿನಲ್ಲಿ, ರೋಗಿಯನ್ನು ಯಾವ ರೀತಿಯಿಂದಲೂ ಸರಪಳಿಯಲ್ಲಿ ಕಟ್ಟಕೂಡದೆಂದು ಸ್ಪಷ್ಟವಾಗಿ ನಿಷೇಧಿಸಲಾಯಿತು.

ಇದನ್ನು ಕೇಳಿದ ಯಾರಿಗಾದರೂ, ಇಂಥ ಕ್ರೌರ್ಯವು ಮಠಗಳ ನಿಲಯಗಳಲ್ಲಿ ಎಲ್ಲಿಯದು ಎಂದೆನಿಸುವದು ನ್ಯಾಯವೇ. ಸರಪಳಿಯು ಇಲ್ಲ, ನಿಜ. ಆದರೆ ಆ ರೋಗಿಗಳನ್ನು ಕಟ್ಟಿದವರ ಸಮರ್ಥನೆಯು ಏನಿದ್ದೀತು? ಓಡಿಹೋಗಬಾರದು, ಪೆಟ್ಟು ಮಾಡಿಕೊಳ್ಳಬಾರದು ಎಂಬುದೇ ಅಲ್ಲವೇ? ಹುಡುಗರು ರಾತ್ರಿ ಗೋಡೆ ಹಾರಿ ನಾಟಕ ಸಿನಿಮಾಗಳಿಗೆ ಹೋಗಬಾರದೆಂದು ವಸತಿನಿಲಯದ ಹಿಂಬಾಗಿಲಿಗೆ ಕೀಲಿ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಗುವ ಮೇಲ್ವಿಚಾರಕನ ಉದ್ದೇಶವೂ ಒಳ್ಳೆಯದೇ. ಮರೆವಿನ ಅಜ್ಜ ಹೊರಗೆ ಹೋಗಿ ದಾರಿ ತಪ್ಪಬಾರದೆಂದು ಕೋಣೆಯ ಹೊರಗಿನಿಂದ ಚಿಲಕ ಹಾಕುವ ಸೇವಕಿಯ ಮನಸ್ಸೂ ಒಳ್ಳೆಯದೇ. ಕಿಟಕಿಗಳಿಗೆ ಗೋಡೆಯಲ್ಲಿ ಹುಗಿದ ಕಬ್ಬಿಣದ ಸರಳುಗಳನ್ನು ಕಳ್ಳರ ಭಯದಿಂದ ಹಾಕಿಸುವರು. ಬೆಂಕಿಯೆದ್ದಾಗ ಉದ್ದೇಶಗಳ ಲೆಕ್ಕವು ನಡೆಯಲಾರದು. ಬಾಗಿಲು ತೆರೆಯಿತೇ ಇಲ್ಲವೇ ಎಂಬುದೊಂದೇ ಉಳಿಯುವದು. ಹೊರಗಿನಿಂದ ಯಾರೂ ಒಳಬರದಂತೆಯೂ, ಒಳಗಿನಿಂದ ಕೀಲಿಕೈಯಿಲ್ಲದೆ ಒಂದೇ ಕೈಯಿಂದ ತೆಗೆಯಲು ಬರುವಂತೆಯೂ ಇರುವ ಚಿಲಕಗಳು ಪೇಟೆಯಲ್ಲಿ ದೊರೆಯುತ್ತವೆ. ಅಜ್ಜನು ಹೊರಟರೆ ಗಂಟೆಯು ಬಾರಿಸುವಂತೆ ಬಾಗಿಲಿಗೆ ಕಟ್ಟಬಹುದು. ಪ್ರತಿ ಕೋಣೆಯ ಒಂದು ಕಿಟಕಿಯ ಸರಳಿನ ಚೌಕಟ್ಟನ್ನಾದರೂ ತಿರುಗಣಿಯ ಮೇಲೆ ಒಳಗಿನಿಂದ ತೆರೆಯುವಂತೆ ಮಾಡಿಸುವದು ಬಡಿಗನಿಗೂ ಕಮ್ಮಾರನಿಗೂ ಒಂದು ದಿನದ ಕೆಲಸ.

ಏರ್ವಾಡಿಯ ಗೃಹವು ಬಡತನದ್ದೂ ಅಜ್ಞಾನದ್ದೂ ಆಗಿತ್ತೆಂದು ಸಮಾಧಾನ ಹೇಳಿಕೊಳ್ಳುವವರು ಸ್ಕಾಟ್ಲಂಡ್ ದೇಶದ ಸಂಗತಿಯನ್ನೂ ಕೇಳಬೇಕು. ಗ್ಲಾಸ್ಗೋ ನಗರದ ಸಮೀಪದ ಅಡಿಂಗ್‌ಸ್ಟನ್ ಎಂಬಲ್ಲಿ ರೋಸ್‌ಪಾರ್ಕ್ ಎಂಬ ವೃದ್ಧಗೃಹವಿತ್ತು. ಕಟ್ಟಡವು ಗಟ್ಟಿಯಾದದ್ದು, ಬೆಂಕಿಯನ್ನು ಸೂಚಿಸುವ ಗಂಟೆಯೂ ಇತ್ತು, ರಾತ್ರಿ ಎಚ್ಚರವಿದ್ದು ನೋಡಿಕೊಳ್ಳುವ ಸೇವಕರೂ ಇದ್ದರು. 2004ನೆಯ ಇಸವಿ ಜನವರಿ 31ರ ಬೆಳಗಿನ ಜಾವದಲ್ಲಿ ಮಹಡಿಯ ಓಣಿಗೆ ಸೇರಿದ ಒಂದು ಕಪಾಟಿನೊಳಗೆ, ವಿದ್ಯುತ್ತಿನ ತಂತಿಗಳು ಬಂದು ಕೂಡುವ ಫಲಕದ ಬಳಿಯಲ್ಲಿ, ಬೆಂಕಿ ಹುಟ್ಟಿತು. ಅದೇ ಕಪಾಟಿನಲ್ಲಿ ಸುಲಭವಾಗಿ ಉರಿಯುವ ಪದಾರ್ಥಗಳ ಡಬ್ಬಿಗಳನ್ನು ಇಡಲಾಗಿತ್ತು. 4 ಗಂಟೆ 28 ಮಿನಿಟಿಗೆ ಎಚ್ಚರಿಕೆಯ ಗಂಟೆ ಬಾರಿಸಿತು. ಸೇವಕರು, ಬೆಂಕಿಯು ನಿಜವಾಗಿ ಇದೆಯೋ, ಇದ್ದರೆ ಎಲ್ಲಿದೆಯೋ ಎಂದು ಹುಡುಕಲು ಹೊರಟರು. ಸೂಚನಾಫಲಕವನ್ನು ತಪ್ಪಾಗಿ ತಿಳಿದು ಬೇರೆ ಭಾಗವನ್ನು ನೋಡಿದರು. ಅಗ್ನಿಶಾಮಕ ದಳಕ್ಕೆ ಕರೆ ಹೋದದ್ದು 4 ಗಂಟೆ 37 ಮಿನಿಟಿಗೆ. ನಡುವೆ ಹೋದವು 9 ಮಿನಿಟುಗಳು. ಅಷ್ಟರಲ್ಲಿ ಹೊಗೆಯು ಓಣಿಯನ್ನು ತುಂಬಿ, ತೆರೆದಿದ್ದ ಬಾಗಿಲುಗಳಿಂದ ಮಲಗುವ ಕೋಣೆಗಳನ್ನು ಹೊಕ್ಕಿತು. 14 ಜನ ವೃದ್ಧರು ಮೃತರಾದರು. 2011ರಲ್ಲಿ ಪ್ರಕಟವಾದ ವಿಚಾರಣೆಯ ನಿರ್ಣಯದಲ್ಲಿ, ತಕ್ಕ ಯೋಜನೆಯಿದ್ದು, ರಾತ್ರಿಯ ಸೇವಕರಿಗೆ ತಕ್ಕ ಶಿಕ್ಷಣವಿದ್ದು, ಬಾಗಿಲುಗಳು ಮುಚ್ಚಿದ್ದರೆ ಈ ಸಾವುಗಳಲ್ಲಿ ಕೆಲವನ್ನಾದರೂ ತಪ್ಪಿಸಬಹುದಾಗಿತ್ತೆಂದು ಹೇಳಲಾಯಿತು.

ಈ ಒಂಭತ್ತು ಮಿನಿಟುಗಳ ಸಂಗತಿಯನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ದಳದವರನ್ನು ಸುಮ್ಮನೆ ಕರೆದು ನಗೆಗೀಡಾಗಬಾರದೆಂಬ ಲಜ್ಜೆ, ಮೊದಲು ಕಾರ್ಯದರ್ಶಿಗಳಿಗೆ ತಿಳಿಸಿ ಅಪ್ಪಣೆ ಪಡೆಯಬೇಕೆಂಬ ವಿನಯ, ಇವೆರಡೂ ಕನ್ನಡಿಗರಿಗೂ ಹೊಸವಲ್ಲ. ರಾತ್ರಿಯ ಕಾವಲುಗಾರನೇ ಆಗಲಿ, ಅಡಿಗೆಯ ಸಹಾಯಕನೇ ಆಗಲಿ, ಹೊಗೆಯನ್ನು ಮೊದಲು ಕಂಡವನು ಯಾರ ಅಪ್ಪಣೆಗೂ ಕಾಯದೆ 101 ಅಥವಾ 112 ಎಂಬ ಸಂಖ್ಯೆಗೆ ಕರೆಮಾಡತಕ್ಕದ್ದೆಂದು ಆಡಳಿತ ಮಂಡಲಿಯು ಬರೆದು ಕೊಡಬೇಕು. ಕರೆಯು ಸುಳ್ಳಾದರೂ ಅವನನ್ನು ಗದರಿಸಲಾಗದೆಂದು ಅದೇ ಬರಹದಲ್ಲಿ ಸೇರಿಸಬೇಕು.

ಬೆಂಕಿಯಿಂದ ಸತ್ತರೆಂದು ಜನರು ಹೇಳುವ ಸಾವುಗಳಲ್ಲಿ ಬಹಳಷ್ಟು ಹೊಗೆಯಿಂದಾದವುಗಳು. ಗಾಳಿಯು ಸಾಲದೆ ಉರಿಯುವ ವಸ್ತುವಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವು ಹುಟ್ಟುವದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿಯ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವದರಿಂದ, ಮಲಗಿದವನು ಎಚ್ಚರಾಗದೆಯೇ ಮೂರ್ಛೆ ಹೋಗುವನು. 2011ನೆಯ ಇಸವಿ ಡಿಸೆಂಬರ್ 9ರಂದು ಕಲಕತ್ತೆಯ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬೆಂಕಿಯೆದ್ದಿತು. ವಾಹನಗಳಿಗೆಂದು ಮೀಸಲಾಗಿದ್ದ ಆ ಸ್ಥಳದಲ್ಲಿ ಉರಿಯುವ ಸಾಮಾನುಗಳನ್ನು ತುಂಬಿಡಲಾಗಿತ್ತು. ಹೊಗೆಯು ಮೇಲೇರಿ ಗಾಜಿನಿಂದ ಮುಚ್ಚಿದ ಅಂತಸ್ತುಗಳಲ್ಲಿ ಸೇರಿ, ಸುಮಾರು 90 ಜನರು ಉಸಿರುಕಟ್ಟಿ ಸತ್ತರು. ಅವರಲ್ಲಿ ಹೆಚ್ಚಿನವರು ಹಾಸಿಗೆ ಬಿಟ್ಟು ಏಳಲಾರದ ರೋಗಿಗಳು. ಹೊಗೆಯನ್ನು ಮೊದಲು ಕಂಡು ಸಹಾಯಕ್ಕೆ ಓಡಿಬಂದ ನೆರೆಯ ಬಡವರನ್ನು ಕಾವಲುಗಾರರು ಹಿಂದಕ್ಕೆ ಕಳುಹಿಸಿದರೆಂಬುದು ಆ ಸಂಗತಿಯ ಅತ್ಯಂತ ದುಃಖಕರವಾದ ಭಾಗವು.

ಹೊಗೆಯ ಸ್ವಭಾವವನ್ನು ಅರಿತವನು ಅದರಿಂದ ಪಾರಾಗುವ ಬಗೆಯನ್ನೂ ಅರಿಯುವನು. ಅದು ಮೊದಲು ಮೇಲ್ಛಾವಣಿಗೆ ಏರಿ ಅಲ್ಲಿಂದ ಕೆಳಗಿಳಿಯುವದು. ಆದುದರಿಂದ ನೆಲಕ್ಕೆ ಬಾಗಿ, ಅಂಬೆಗಾಲಿನಿಂದ ಸರಿದು ಹೋಗಬೇಕು. ಅದನ್ನು ತಡೆಯುವದಕ್ಕೆ ಗಟ್ಟಿ ಹಲಗೆಯ ಮುಚ್ಚಿದ ಬಾಗಿಲಿನಷ್ಟು ಅಗ್ಗದ ಸಾಧನವು ಮತ್ತೊಂದಿಲ್ಲ. ಉರಿಯುವ ಕೋಣೆಯಿಂದ ಜನರನ್ನು ಹೊರತಂದವನು ತನ್ನ ಹಿಂದೆ ಬಾಗಿಲನ್ನು ಎಳೆದುಕೊಂಡರೆ ಉಳಿದ ಕೋಣೆಗಳವರಿಗೆ ಆಯುಷ್ಯವನ್ನು ಕೊಟ್ಟಂತೆಯೇ ಸರಿ. ಹಾಸಿಗೆ ಹಿಡಿದ ಮೂವತ್ತು ವೃದ್ಧರನ್ನು ರಾತ್ರಿಯ ಇಬ್ಬರು ಸೇವಕರು ಮಹಡಿಯಿಂದ ಮೆಟ್ಟಲಿಳಿಸುವದು ಅಸಾಧ್ಯವಾದ ಮಾತು. ಅದಕ್ಕಾಗಿ ತಿಳಿದವರು ಬೇರೊಂದು ಕ್ರಮವನ್ನು ಹೇಳುತ್ತಾರೆ: ಉದ್ದನೆಯ ಓಣಿಯನ್ನು ನಡುವೆ ಹೊಗೆ ತಡೆಯುವ ಬಾಗಿಲಿನಿಂದ ಎರಡು ಪಾಲು ಮಾಡಿ, ಬೆಂಕಿಯಿದ್ದ ಪಾಲಿನವರನ್ನು ಅದೇ ಅಂತಸ್ತಿನ ಇನ್ನೊಂದು ಪಾಲಿಗೆ ಮೊದಲು ಸರಿಸುವದು, ಮೆಟ್ಟಲಿನ ಮಾತು ಆಮೇಲಿನದು. ಎತ್ತಲು ಬಾರದವರನ್ನು ಕೌದಿಯ ಸಮೇತ ನೆಲಕ್ಕಿಳಿಸಿ ತಲೆಯ ಕಡೆಯಿಂದ ಎಳೆದುಕೊಂಡು ಹೋಗಬಹುದು. ನುಣುಪಾದ ನೆಲದ ಮೇಲೆ ಒಬ್ಬ ಹೆಂಗಸೂ ಇದನ್ನು ಮಾಡಬಲ್ಲಳು.

ಇನ್ನು ದಾಸೋಹದ ಅಡಿಗೆಮನೆಯ ವಿಷಯ. 2004ನೆಯ ಇಸವಿ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ 94 ಮಕ್ಕಳು ಬೆಂದು ಸತ್ತದ್ದು ಅಡಿಗೆಮನೆಯ ಕಿಡಿಯಿಂದಲೇ; ಗರಿಯ ಮಾಡು ಉರಿದು ಮಕ್ಕಳ ಮೇಲೆ ಬಿದ್ದಿತು, ಇಳಿಯುವ ಮೆಟ್ಟಲು ಇಕ್ಕಟ್ಟಾಗಿತ್ತು. ಒಲೆಯ ಮನೆಯೂ ಮಲಗುವ ಮನೆಯೂ ಒಂದೇ ಮಾಡಿನ ಕೆಳಗೆ ಇರಕೂಡದು. ಕಾದ ಎಣ್ಣೆಗೆ ಬೆಂಕಿ ಹತ್ತಿದರೆ ಕೊಡದ ನೀರನ್ನು ಸುರಿಯುವದು ಅಡಿಗೆಯವರ ಮೊದಲ ಹುರುಪು. ನೀರು ಎಣ್ಣೆಯ ಕೆಳಗಿಳಿದು ಕ್ಷಣದಲ್ಲಿ ಉಗಿಯಾಗಿ, ನೂರಾರು ಪಟ್ಟು ಹಿಗ್ಗಿ, ಉರಿಯುವ ಎಣ್ಣೆಯನ್ನೇ ಸುತ್ತಲೂ ಎರಚುವದು. ಒಲೆಯನ್ನಾರಿಸಿ, ಕಡಾಯಿಯ ಮೇಲೆ ದೊಡ್ಡ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಿ, ತಣ್ಣಗಾಗುವವರೆಗೆ ತೆಗೆಯದಿರುವದೇ ಉಪಾಯವು. ಅದಕ್ಕಾಗಿ ಅಷ್ಟಗಲದ ಮುಚ್ಚಳವು ಕೈಗೆಟಕುವಲ್ಲಿ ಇರಬೇಕಲ್ಲವೇ! ಎಷ್ಟೋ ದಾಸೋಹದ ಮನೆಗಳಲ್ಲಿ ಆಳೆತ್ತರದ ಕೊಪ್ಪರಿಗೆಗಳು ಇರುವವು, ಕಡಾಯಿಗೆ ಮುಚ್ಚಳವಿರುವದಿಲ್ಲ. ಗ್ಯಾಸಿನ ಸಿಲಿಂಡರುಗಳನ್ನು ಹೊರಗೆ ಗಾಳಿಯಾಡುವಲ್ಲಿ ನಿಲ್ಲಿಸಿ ನಳಿಗೆಯಿಂದ ಒಳತರುವದು ಲೇಸು. ಆ ಗ್ಯಾಸು ಗಾಳಿಗಿಂತ ಭಾರವಾದುದು. ಸೋರಿದರೆ ನೆಲದಲ್ಲಿಯೂ ಚರಂಡಿಯಲ್ಲಿಯೂ ಮಡುಗಟ್ಟುವದು. ವಾಸನೆ ಬಂದಾಗ ದೀಪದ ಗುಂಡಿಯನ್ನು ಹಾಕಲೂ ಬಾರದು, ಆರಿಸಲೂ ಬಾರದು.

ದಾನಿಗಳಿಗೂ ಒಂದು ಮಾತನ್ನು ಬಿನ್ನವಿಸಬೇಕಾಗಿದೆ. ಮಹೋತ್ಸವದ ನೆನಪಿಗೆ ಮಹಾದ್ವಾರವನ್ನೋ ಸಭಾಮಂಟಪವನ್ನೋ ಕಟ್ಟಿಸಿ ಹಿರಿಯರ ಹೆಸರನ್ನು ಕಲ್ಲಿನಲ್ಲಿ ಕೊರೆಯಿಸುವದು ಭಕ್ತಿಯ ಲಕ್ಷಣವೇ. ಕಟ್ಟಡದ ಹಿಂಭಾಗದ ಎರಡನೆಯ ಮೆಟ್ಟಲಿಗೆ ಯಾರೂ ಹೆಸರನ್ನು ಕೊರೆಯಿಸುವದಿಲ್ಲ. ಆದುದರಿಂದ ಹಣವು ಸಾಲದೆ ಬಂದಾಗ ನಕಾಶೆಯಿಂದ ಮೊದಲು ಅಳಿಸಿಹೋಗುವದು ಅದೇ. ಇದ್ದರೂ ಅದರ ಕೆಳಗೆ ಮುರಿದ ಮಂಚಗಳನ್ನೂ ಹಳೆಯ ಚಾಪೆಗಳನ್ನೂ ಒಟ್ಟುವರು. ವೃದ್ಧರ ಮತ್ತು ಅನಾಥ ಬಾಲಕರ ಗೃಹಗಳನ್ನು 2016ನೆಯ ಇಸವಿಯ ರಾಷ್ಟ್ರೀಯ ಕಟ್ಟಡ ಸಂಹಿತೆಯು ಆಸ್ಪತ್ರೆಗಳ ಜೊತೆಗೆ ಒಂದೇ ವರ್ಗದಲ್ಲಿಟ್ಟಿದೆ. ತಾವಾಗಿ ಓಡಲಾರದವರ ಮನೆಗೆ ಹೆಚ್ಚಿನ ಜಾಗ್ರತೆ ಬೇಕೆಂಬುದೇ ಅದರ ಅಭಿಪ್ರಾಯವು. ಮಹಾದ್ವಾರವು ಒಂದು ವರ್ಷ ತಡವಾದರೆ ಮಠದ ಗೌರವಕ್ಕೆ ಕುಂದಿಲ್ಲ.

ಯೋಜನೆಯೆಂದರೆ ಗಾಜಿನ ಚೌಕಟ್ಟಿನಲ್ಲಿ ತೂಗುಹಾಕಿದ ಕಾಗದವೆಂದು ತಿಳಿಯಬಾರದು. ನಿಲಯದಲ್ಲಿ ಯಾರು ತಾವಾಗಿ ನಡೆಯುವರು, ಯಾರಿಗೆ ಒಬ್ಬರ ಕೈ ಬೇಕು, ಯಾರನ್ನು ಎಳೆದೇ ತರಬೇಕು, ಯಾರಿಗೆ ಕಿವಿ ಕೇಳಿಸದು ಎಂಬುದನ್ನು ಕೋಣೆಯ ಕ್ರಮದಿಂದ ಬರೆದಿಟ್ಟು, ಹೊಸಬರು ಬಂದಂತೆ ತಿದ್ದುತ್ತಿರಬೇಕು. ಕಿವುಡರಿಗೆ ಗಂಟೆಯು ವ್ಯರ್ಥ, ಮಿನುಗುವ ದೀಪವು ಬೇಕು. ಅಂಧರಿಗೆ ದೀಪವು ವ್ಯರ್ಥ, ಗಂಟೆಯು ಬೇಕು. ಅಂಧ ಬಾಲಕರ ವಿಷಯದಲ್ಲಿ ಇನ್ನೊಂದು ವಿಶೇಷವುಂಟು. ದಟ್ಟ ಹೊಗೆಯಲ್ಲಿ ಕಣ್ಣುಳ್ಳವನೂ ಕುರುಡನೇ; ಆಗ ಗೋಡೆಯನ್ನು ತಡವುತ್ತ ದಿನವೂ ನಡೆದ ಬಾಲಕನು ಉಳಿದವರಿಗೆ ದಾರಿ ತೋರಿಸಬಲ್ಲನು. ಆದರೆ ಅವನು ನಡೆದ ದಾರಿಯಲ್ಲಿ ಒಂದು ದಿನ ಯಾರೋ ಬೆಂಚನ್ನು ತಂದಿಟ್ಟರೆ ಆ ವಿದ್ಯೆಯು ಕೆಟ್ಟಿತು.

ಅಭ್ಯಾಸವನ್ನು ಹಗಲಿನಲ್ಲಿ, ಎಲ್ಲ ಸೇವಕರೂ ಇರುವಾಗ ಮಾಡಿ ಮುಗಿಸುವದು ಸಾಮಾನ್ಯವಾದ ತಪ್ಪು. ರಾತ್ರಿಯ ಪಾಳಿಯ ಇಬ್ಬರೇ ಇರುವಾಗ, ದೀಪಗಳನ್ನಾರಿಸಿ, ಗಡಿಯಾರವನ್ನಿಟ್ಟುಕೊಂಡು ಮಾಡಬೇಕು. ಸಾಧ್ಯವಿದ್ದರೆ ಊರಿನ ಅಗ್ನಿಶಾಮಕ ಠಾಣೆಯವರನ್ನು ಒಮ್ಮೆ ಕರೆದು, ಅವರ ವಾಹನವು ಮಠದ ಹೆಬ್ಬಾಗಿಲಿನಲ್ಲಿ ಹಿಡಿಸುವದೋ ಇಲ್ಲವೋ, ಬಾವಿಯವರೆಗೆ ಬರುವದೋ ಇಲ್ಲವೋ ನೋಡಿಸಬೇಕು. ಹೊರಗೆ ಕೂಡುವ ಸ್ಥಳವನ್ನು, ಮರದ ಕಟ್ಟೆಯನ್ನೋ ರಥಬೀದಿಯ ಕೊನೆಯನ್ನೋ, ಮೊದಲೇ ಗೊತ್ತುಮಾಡಿರಬೇಕು. ಅಲ್ಲಿ ಹೆಸರು ಹಿಡಿದು ಎಣಿಸುವದಕ್ಕೆ ಆ ರಾತ್ರಿ ನಿಲಯದಲ್ಲಿರುವವರ ಪಟ್ಟಿಯ ಒಂದು ಪ್ರತಿಯು ಹೆಬ್ಬಾಗಿಲಿನ ಕಾವಲು ಕೋಣೆಯಲ್ಲಿ ಇರಬೇಕು. ಒಂದೇ ಪ್ರತಿಯನ್ನು ನಿಲಯದ ಕಚೇರಿಯ ಕಪಾಟಿನಲ್ಲಿಟ್ಟರೆ ಅದು ಉರಿಯುವ ಮನೆಯೊಳಗೆಯೇ ಉಳಿಯುವದು. ಎಣಿಕೆಯಲ್ಲಿ ಒಬ್ಬನು ಕಡಿಮೆಯಾದರೆ ಅವನ ಹೆಸರನ್ನೂ ಕೋಣೆಯನ್ನೂ ದಳದ ಮುಖ್ಯಸ್ಥನಿಗೆ ಹೇಳತಕ್ಕದ್ದು. ಅವನು ಹೇಳುವವರೆಗೆ ಯಾರೂ, ಮೇಲ್ವಿಚಾರಕನೇ ಆಗಲಿ, ತಿರುಗಿ ಒಳಗೆ ಹೋಗತಕ್ಕದ್ದಲ್ಲ.