ಮಾಳಿಗೆ ಮನೆಯ ಚಿತ್ರ

(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಸಾಕ್ಷ್ಯಚಿತ್ರ ತೆಗೆಯುವುದು ದೊಡ್ಡವರ ಕೆಲಸ ಎಂಬ ಕಾಲ ಹೋಯಿತು. 1948ರಲ್ಲಿ ಆರಂಭವಾದ ಫಿಲ್ಮ್ಸ್ ಡಿವಿಷನ್ನಿನ ಚಿತ್ರಗಳನ್ನು ನಮ್ಮ ಹಿರಿಯರು ಟಾಕೀಸಿನಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ನೋಡುತ್ತಿದ್ದರು. ಈಗ ನಿಮ್ಮ ಲೈನ್ ಮನೆಯ ಹುಡುಗನ ಮೊಬೈಲಿನಲ್ಲೇ ಹತ್ತು ನಿಮಿಷದ ಚಿತ್ರ ತೆಗೆಯಬಹುದು. ಯಾವುದನ್ನು ತೆಗೆಯಬೇಕು, ಯಾರಿಗೋಸ್ಕರ ತೆಗೆಯಬೇಕು ಎಂಬುದೇ ಪ್ರಶ್ನೆ. ಅದಕ್ಕೆ ಉದಾಹರಣೆಯಾಗಿ ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಮಾಳಿಗೆ ಮನೆಯನ್ನು ತೆಗೆದುಕೊಳ್ಳುತ್ತೇನೆ.

ಮಳೆ ಸುರಿಯುವ ಮಲೆನಾಡಿನಲ್ಲಿರುವ ನಿಮಗೆ ಇದು ಹೊಸದಾಗಿ ಕಂಡೀತು. ಅಲ್ಲಿ ಮಳೆ ಕಡಿಮೆ, ಬಿಸಿಲು ಬಹಳ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತಿ, ಅವುಗಳ ಮೇಲೆ ಹಲಗೆ ಅಥವಾ ಕಡ್ಡಿ ಸೊಪ್ಪು, ಎಲ್ಲಕ್ಕೂ ಮೇಲೆ ಮಣ್ಣಿನ ಹೊದಿಕೆ. ಬೆಳಕಿಗೆ ಮಾಳಿಗೆಯಲ್ಲೇ ಒಂದು ಬೆಳಕಿಂಡಿ. ಸಿಮೆಂಟಿಲ್ಲ, ಕಲ್ಲು, ಮಣ್ಣು, ಮರ ಎಲ್ಲವೂ ಹತ್ತಿರದ್ದು. ಮನೆ ಬಿದ್ದರೆ ಅದೇ ಕಲ್ಲು ಮತ್ತೊಂದು ಗೋಡೆಗೆ ಬರುತ್ತದೆ, ಮಣ್ಣು ಹೊಲಕ್ಕೆ ಹೋಗುತ್ತದೆ. ಪರಿಸರಕ್ಕೆ ಭಾರವಾಗದ ಕಟ್ಟಡ ಎಂದು ಈಗ ಪಂಡಿತರು ಹೇಳುವುದನ್ನು ಅಲ್ಲಿಯ ಒಕ್ಕಲಿಗರು ಹೆಸರಿಡದೆ ಕಟ್ಟಿದ್ದರು.

ಒಳಗೆ ತಂಪು ಎಂದು ಬಾಯಲ್ಲಿ ಹೇಳಿದರೆ ನೋಡುವವರು ನಂಬುವುದಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಒಂದು ಉಷ್ಣಮಾಪಕವನ್ನು ಮಾಳಿಗೆಯ ಕೆಳಗೆ, ಇನ್ನೊಂದನ್ನು ಪಕ್ಕದ ತಗಡಿನ ಮನೆಯಲ್ಲಿ ಇಟ್ಟು ಎರಡನ್ನೂ ತೋರಿಸಿ. ಮಾತು ಬೇಡ. ಮಳೆಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕುವ ಕೆಲಸ ವರ್ಷಕ್ಕೊಮ್ಮೆ ಬರುತ್ತದೆ. ಆ ದಿನ ತಪ್ಪಿದರೆ ಮುಂದಿನ ವರ್ಷದವರೆಗೆ ಕಾಯಬೇಕು. ಮನೆಯವರನ್ನು ಮಾತನಾಡಿಸುವಾಗ ಅವರ ಮನೆಮಾತಿನಲ್ಲೇ ಮಾತನಾಡಿಸಿ. ಅಕ್ಕಲಕೋಟೆಯ ಎಷ್ಟೋ ಮನೆಗಳಲ್ಲಿ ಶಾಲೆ, ಕಚೇರಿಗೆ ಮರಾಠಿ, ಒಲೆಯ ಮುಂದೆ ಕನ್ನಡ. ನೆಲ ಸಾರಿಸುವ ಅಜ್ಜಿ ಮರಾಠಿಯಲ್ಲಿ ಎರಡು ಮಾತಿಗೆ ನಿಲ್ಲಿಸಿದರೆ ಕನ್ನಡದಲ್ಲಿ ಇಪ್ಪತ್ತು ಹೇಳಿಯಾಳು.

ಇಲ್ಲಿಗೇ ಮುಗಿಸಿದರೆ ಚಿತ್ರ ಚೆಂದವಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು, ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಅಕ್ಕಲಕೋಟೆಯಿಂದ ನೇರ ಅಳತೆಯಲ್ಲಿ ಅದು ಸುಮಾರು 70 ಕಿಲೋಮೀಟರು. ಗಣೇಶನನ್ನು ಕಳುಹಿಸಿ ಜನ ಮಲಗಿದ್ದರು. ಲಾತೂರು, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸರಕಾರಿ ಲೆಕ್ಕದಂತೆ ಸತ್ತವರು ಸುಮಾರು 8,000. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಇಂಥವೇ ಕಲ್ಲುಮಣ್ಣಿನ ಮನೆಗಳು. ಹಳೆಯ ಮಣ್ಣು ತೆಗೆಯದೆ ವರ್ಷವರ್ಷವೂ ಹೊಸದನ್ನು ಹಾಕುತ್ತ ಹೋದರೆ ಹೊದಿಕೆ ದಪ್ಪವಾಗುತ್ತದೆ. ಲೆಕ್ಕ ಹಾಕಿ ನೋಡಿ: ಹತ್ತಡಿ ಉದ್ದ ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ಮಣ್ಣು ಎಂದರೆ ನಾಲ್ಕು ಟನ್ನಿಗೂ ಮೇಲೆ. ಗೋಡೆಯಾದರೋ ಒಳಮುಖ, ಹೊರಮುಖ ಬೇರೆ ಬೇರೆ, ನಡುವೆ ಜಲ್ಲಿಮಣ್ಣು. ನಡುಗಿದಾಗ ಅವು ಬಿಚ್ಚಿಕೊಂಡವು. ಕೆಲವೆಡೆ ಭಾರವೆಲ್ಲ ಮರದ ಕಂಬಗಳ ಮೇಲಿದ್ದ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತಿತು. ಮೇಲಿನ ಮಣ್ಣು ಇಳಿಸುವುದು, ಗೋಡೆಯ ಈ ಮುಖದಿಂದ ಆ ಮುಖಕ್ಕೆ ಚಾಚುವ ಉದ್ದ ಕಲ್ಲು ಸೇರಿಸುವುದು, ಕಂಬ ತೊಲೆ ಕೂಡುವ ಮೂಲೆಗೆ ಓರೆ ಮರ ಬಡಿಯುವುದು: ಇವನ್ನು ಊರಿನ ಬಡಗಿ, ಗೌಂಡಿಗಳೇ ಮಾಡಬಲ್ಲರು. ನನ್ನ ಅಭಿಪ್ರಾಯದಲ್ಲಿ ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಇದಕ್ಕೇ ಸಲ್ಲಬೇಕು.

ಮಾಳಿಗೆಯ ತಂಪನ್ನು ಹೊಗಳುವ ಭರದಲ್ಲಿ ಬಡವರು ಸಿಮೆಂಟಿನ ಮನೆ ಕೇಳಿದ್ದೇ ತಪ್ಪು ಎಂದು ಬಿಂಬಿಸಬೇಡಿ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ದಾರಿಯ ಕುಂಭಾರಿಯಲ್ಲಿ ಬೀಡಿ ಕಟ್ಟುವ ಹೆಂಗಸರು ಸಂಘ ಕಟ್ಟಿ, ವರ್ಷಗಟ್ಟಲೆ ಹೋರಾಡಿ, ಗೋದೂತಾಯಿ ಪರುಳೇಕರ ಹೆಸರಿನ ವಸತಿಯಲ್ಲಿ ಸುಮಾರು ಹತ್ತು ಸಾವಿರ ಮನೆ ಪಡೆದರು. ಅಲ್ಲಿಯೇ ರೇನಗರದ 30,000 ಮನೆಗಳ ಯೋಜನೆಯಲ್ಲಿ ಮೊದಲ 15,000 ಮನೆಗಳು 2024ರ ಜನವರಿ 19ರಂದು ಹಸ್ತಾಂತರವಾದವು. ಬಾಡಿಗೆಯವನು ಹೊರಹಾಕಲಾರದ ಮನೆ ಎಂಬುದೇ ಒಂದು ತಂಪು. ಬಿಸಿಲಿನಲ್ಲಿ ಆ ಮನೆ ಹೇಗಿರುತ್ತದೆ ಎಂದು ಅವರನ್ನೇ ಕೇಳಿ, ಹೇಳಿದ್ದನ್ನು ಕತ್ತರಿಸದೆ ತೋರಿಸಿ.

ಆನಂದ ಪಟವರ್ಧನರು ಮುಂಬಯಿಯ ಗುಡಿಸಲುವಾಸಿಗಳ ಕುರಿತು 1985ರಲ್ಲಿ ಮಾಡಿದ ‘ಹಮಾರಾ ಶಹರ್’ ಚಿತ್ರದಲ್ಲಿ ಒಬ್ಬ ಹೆಂಗಸು, ಬಡವರ ಚಿತ್ರ ತೆಗೆದು ನಿಮಗೇನು ಲಾಭ ಎಂಬಂತೆ ತೆಗೆಯುವವರನ್ನೇ ಗದರಿಸುತ್ತಾಳೆ. ಅವರು ಅದನ್ನು ತೆಗೆದುಹಾಕಲಿಲ್ಲ. ನಿಮ್ಮನ್ನೂ ಯಾರಾದರೂ ಹಾಗೆ ಕೇಳಿಯಾರು, ಕ್ಯಾಮೆರಾ ನಿಲ್ಲಿಸಬೇಡಿ. ಮುಗಿದ ಚಿತ್ರವನ್ನು ಹೊರಗಿನವರಿಗಿಂತ ಮೊದಲು ಆ ಮನೆಯವರಿಗೆ ತೋರಿಸಿ. ಬೇಡವೆಂದ ಭಾಗವನ್ನು ತೆಗೆಯಿರಿ.

ಅಷ್ಟು ದೂರ ಹೋಗಲಾಗದವರು ನಿಮ್ಮ ಲೈನ್ ಮನೆಯಿಂದಲೇ ಆರಂಭಿಸಬಹುದು. ಟೇಪು ಹಿಡಿದು ಕೋಣೆ ಅಳೆಯಿರಿ, ಎಷ್ಟು ಜನ ಮಲಗುತ್ತೀರಿ ಹೇಳಿ, ಮಳೆ ಬರುವಾಗ ಎಲ್ಲಿ ಪಾತ್ರೆ ಇಡುತ್ತೀರಿ ತೋರಿಸಿ. ತೆಗೆದ ದಿನಾಂಕವನ್ನು ಗಟ್ಟಿಯಾಗಿ ಹೇಳಿ ದಾಖಲಿಸಿ. ಮನೆ ದುರಸ್ತಿಗೆ ಅರ್ಜಿ ಕೊಡುವಾಗ ಅದು ಬೇಕಾಗುತ್ತದೆ.