ಮೈಸೂರು ರಸ್ತೆಯ ಯೆಹೂದಿ ಸ್ಮಶಾನ

ಮೈಸೂರಿನಿಂದ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವವರಿಗೆ ಅಲ್ಲಿಯ ಮೈಸೂರು ರಸ್ತೆ ಹೊಸದಲ್ಲ. ಅಲ್ಲೊಂದು ಪುಟ್ಟ ಯೆಹೂದಿ ಸ್ಮಶಾನವಿದೆ ಎಂಬುದು ಮಾತ್ರ ಬಹಳ ಮಂದಿಗೆ ತಿಳಿಯದು. 1904ರಲ್ಲಿ ಅದಕ್ಕೆ ಜಾಗ ಕೊಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಅವರಿಗಾಗ ಇಪ್ಪತ್ತರ ಪ್ರಾಯ. ರಾಜ್ಯಾಧಿಕಾರ ಕೈಗೆ ಬಂದು ಎರಡೇ ವರ್ಷವಾಗಿತ್ತು.

ಸ್ಮಶಾನದ ಜಾಗಕ್ಕೆ ಅಷ್ಟೇನು ಮಹತ್ವ ಎನ್ನಬಹುದು. ಯೆಹೂದಿ ಸಂಪ್ರದಾಯದಲ್ಲಿ ಶವವನ್ನು ಹೂಳಬೇಕು. ಆ ಗೋರಿಯನ್ನು ಮತ್ತೆ ಕದಲಿಸಬಾರದು. ಪರಊರಿಗೆ ಬಂದವರು ಪ್ರಾರ್ಥನೆಯನ್ನು ಯಾರದಾದರೂ ಮನೆಯಲ್ಲಿ ನಡೆಸಿಕೊಂಡಾರು. ಸತ್ತವರಿಗೆ ಮಾತ್ರ ಶಾಶ್ವತವಾದ ನೆಲವೇ ಬೇಕು.

ಹಾಗೆ ಬಂದವರು ಒಂದೇ ಕಡೆಯವರಲ್ಲ. ಕೊಂಕಣದ ಬೆನೆ ಇಸ್ರೇಲರು ಮೂಲತಃ ಗಾಣದವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾಗಿ ಅವರಿಗೆ 'ಶನಿವಾರದ ತೇಲಿ'ಗಳೆಂದೇ ಹೆಸರು. ಅವರಲ್ಲಿ ಅನೇಕರು ಬ್ರಿಟಿಷರ ಸೈನ್ಯ ಸೇರಿದರು. ಬಾಗ್ದಾದ್ ಕಡೆಯ ವರ್ತಕರು ಇನ್ನೊಂದು ಬಗೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರೂಬಿನ್ ಮೋಸಸ್ ಅವರ ಪಾದರಕ್ಷೆ ಅಂಗಡಿ ಒಂದು ಕಾಲಕ್ಕೆ ಹೆಸರುವಾಸಿಯಾಗಿತ್ತು. ಮುಂದೆ ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡವರೂ ಬಂದರು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದ ಒಟ್ಟೊ ಕೋನಿಗ್ಸ್‌ಬರ್ಗರ್ ಅಂಥವರಲ್ಲೊಬ್ಬರು. ಅವರ ಗೋರಿ ಇಲ್ಲಿಲ್ಲ. 1999ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಎರಡನೆಯ ಮಹಾಯುದ್ಧದ ಕಾಲದ ಯೆಹೂದಿ ಸೈನಿಕರ ಗೋರಿಗಳು ಇಲ್ಲಿವೆ. ಕಲ್ಲುಗಳ ಮೇಲೆ ಹೀಬ್ರೂ ಅಕ್ಷರಗಳಿವೆ.

ಮೈಸೂರಿಗೂ ಯೆಹೂದಿಗಳಿಗೂ ಇದಕ್ಕಿಂತ ಹಳೆಯ ನಂಟೊಂದನ್ನು ಬೆನೆ ಇಸ್ರೇಲರು ಹೇಳುತ್ತಾರೆ. ಎರಡನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಕಡೆಯ ಸ್ಯಾಮ್ಯುಯಲ್ ದಿವೇಕರ್ ಟಿಪ್ಪುವಿಗೆ ಸೆರೆ ಸಿಕ್ಕ. ಬೆನೆ ಇಸ್ರೇಲ್ ಎಂಬ ಹೆಸರು ಕುರಾನಿನಲ್ಲಿದೆ, ಆ ಜನರನ್ನು ತಾನು ಕಂಡೇ ಇಲ್ಲ ಎಂದು ಟಿಪ್ಪುವಿನ ತಾಯಿ ಅವನ ಜೀವ ಉಳಿಸಿದಳಂತೆ. ತಾಯಿಯ ಮಾತು ಐತಿಹ್ಯವಿರಬಹುದು. ಆದರೆ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿದ ಪ್ರಾರ್ಥನಾ ಮಂದಿರ ಇಂದಿಗೂ ಇದೆ. ಅದರ ಹೆಸರಿನ ಅರ್ಥ 'ಕರುಣೆಯ ಬಾಗಿಲು'. ಅಲ್ಲಿಯ ಮಸ್ಜಿದ್ ರೈಲು ನಿಲ್ದಾಣಕ್ಕೆ ಆ ಹೆಸರು ಬಂದದ್ದು ಮಸೀದಿಯಿಂದಲ್ಲ, ಈ ಯೆಹೂದಿ ಮಂದಿರದಿಂದ ಎನ್ನುತ್ತಾರೆ!

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಭಾರತದ ಯೆಹೂದಿಗಳಲ್ಲಿ ಹೆಚ್ಚಿನವರು ಅಲ್ಲಿಗೆ ಹೊರಟುಹೋದರು. ಅವರನ್ನು ಯಾರೂ ಇಲ್ಲಿಂದ ಓಡಿಸಲಿಲ್ಲ ಎಂಬುದನ್ನು ಹೇಳಲೇಬೇಕು. ಉಳಿದವರ ಕಷ್ಟ ಬೇರೆ. ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಗೆ ಸಂಪ್ರದಾಯದಂತೆ ಹತ್ತು ಮಂದಿ ವಯಸ್ಕ ಗಂಡಸರು ಸೇರಬೇಕು. ಬೆರಳೆಣಿಕೆಯ ಮನೆಗಳಿರುವ ಊರಿನಲ್ಲಿ ಒಂದು ಸಾವಾದರೆ, ಮೊದಲು ಹುಡುಕಬೇಕಾದದ್ದು ಆ ಹತ್ತು ಜನರನ್ನು.