ಹಾರುವ ಮುನ್ನವೇ ತಾಲೀಮು

ಮಕ್ಕಳೇ, ಒಲೆಯ ಮೇಲೆ ಹಾಲಿಟ್ಟು ಹದಿನೈದು ನಿಮಿಷಕ್ಕೊಮ್ಮೆ ಮಾತ್ರ ಇಣುಕಿದರೆ ಏನಾಗುತ್ತದೆ? ಮೊದಲ ಸಲ ನೋಡಿದಾಗ ಹಾಲು ಸುಮ್ಮನಿರುತ್ತದೆ. ಎರಡನೇ ಸಲ ನೋಡುವಷ್ಟರಲ್ಲಿ ಒಲೆಯ ತುಂಬ ಹಾಲು! ಉಕ್ಕಿದ ಗಳಿಗೆಯೇ ತಪ್ಪಿಹೋಯಿತು. ಗುಡುಗುಮೋಡವೂ ಹಾಗೆಯೇ ಉಕ್ಕುತ್ತದೆ. ತೇವ ತುಂಬಿದ ಬಿಸಿಗಾಳಿ ರಭಸದಿಂದ ಮೇಲೇರಿ, ನೋಡನೋಡುತ್ತಿದ್ದಂತೆ ಹತ್ತು ಕಿಲೋಮೀಟರಿಗೂ ಎತ್ತರದ ಮೋಡವಾಗಿಬಿಡುತ್ತದೆ.

ಅಮೆರಿಕದ ಹವಾಮಾನ ಮುನ್ಸೂಚಕರಿಗೆ ಅವರ 'ಗೋಸ್' ಉಪಗ್ರಹಗಳು ಮೊದಲೆಲ್ಲ ಮಾಮೂಲಿ ದಿನಗಳಲ್ಲಿ ಸುಮಾರು ಹದಿನೈದು ನಿಮಿಷಕ್ಕೊಂದು ಚಿತ್ರ ಕಳಿಸುತ್ತಿದ್ದವು. ಇವು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಜೊತೆಗೇ ಸುತ್ತುವ ಉಪಗ್ರಹಗಳು. ಹಾಗಾಗಿ ಒಂದೇ ಜಾಗವನ್ನು ಸದಾ ನೋಡುತ್ತಿರಬಲ್ಲವು. ನಮ್ಮ ಇನ್ಸಾಟ್ ಉಪಗ್ರಹಗಳಿರುವುದೂ ಅಷ್ಟೇ ಎತ್ತರದಲ್ಲಿ. ಅವುಗಳ ಮೇಲೆ ಕಣ್ಣಿಟ್ಟು ನಡೆಸುವ ಮುಖ್ಯ ಕೇಂದ್ರ ನಮ್ಮ ಹಾಸನದಲ್ಲಿದೆ.

ಹೊಸ ತಲೆಮಾರಿನ ಉಪಗ್ರಹ ಗೋಸ್-16 ಹಾರಿದ್ದು 2016ರ ನವೆಂಬರಿನಲ್ಲಿ. ಹಳೆಯದರ ಕ್ಯಾಮೆರಾ ಬೆಳಕನ್ನು ಐದು ಬಗೆಯಲ್ಲಿ ನೋಡುತ್ತಿದ್ದರೆ ಇದರದ್ದು ಹದಿನಾರು ಬಗೆಯಲ್ಲಿ ನೋಡುತ್ತದೆ. ಇಡೀ ದೇಶದ ಚಿತ್ರ ಐದು ನಿಮಿಷಕ್ಕೊಮ್ಮೆ, ಬಿರುಗಾಳಿ ಎದ್ದ ಸಣ್ಣ ಪ್ರದೇಶದ್ದಾದರೆ ನಿಮಿಷಕ್ಕೊಮ್ಮೆ ಬರತೊಡಗಿತು. ಮಿಂಚನ್ನು ಹಗಲಿರುಳು ಎಣಿಸುವ ಉಪಕರಣವೂ ಇದೆ. ಅಷ್ಟು ಎತ್ತರದಿಂದ ಮಿಂಚು ಗುರುತಿಸುವ ಇಂಥ ಉಪಕರಣ ಅಮೆರಿಕದ ಹವಾಮಾನ ಉಪಗ್ರಹಗಳಲ್ಲಿ ಹಿಂದೆಂದೂ ಇರಲಿಲ್ಲ.

ಆದರೆ ಚಿತ್ರಗಳ ರಾಶಿ ಬಂದು ಬಿದ್ದರೆ ಸಾಕೇ? ಸುಂಟರಗಾಳಿ ಎದ್ದಿರುತ್ತದೆ. ಜನರನ್ನು ಎಚ್ಚರಿಸಲು ಉಳಿದಿರುವುದು ಕೆಲವೇ ನಿಮಿಷ. ಆಗ ಹದಿನಾರರಲ್ಲಿ ಯಾವ ಚಿತ್ರ ತೆರೆಯಬೇಕೆಂದು ಯೋಚಿಸುತ್ತ ಕೂರಲಾಗದು. ಅದಕ್ಕೇ ಉಪಗ್ರಹ ಹಾರುವುದಕ್ಕೆ ಎಷ್ಟೋ ವರ್ಷ ಮೊದಲೇ ಮುನ್ಸೂಚಕರ ತಾಲೀಮು ಶುರುವಾಯಿತು.

ಒಕ್ಲಹೋಮಾ ರಾಜ್ಯದ ನಾರ್ಮನ್ ಊರು ಇದಕ್ಕೆ ಹೇಳಿಮಾಡಿಸಿದ ಜಾಗ. ವಸಂತ ಬಂತೆಂದರೆ ಆ ಬಯಲು ಸೀಮೆಯಲ್ಲಿ ಗುಡುಗು, ಆಲಿಕಲ್ಲು, ಸುಂಟರಗಾಳಿಗಳ ಕಾಲ. ಬೇರೆ ಬೇರೆ ಊರಿನ ಮುನ್ಸೂಚಕರು ಅಲ್ಲಿನ ಪ್ರಯೋಗಶಾಲೆಗೆ ಬಂದು ವಿಜ್ಞಾನಿಗಳ ಪಕ್ಕದಲ್ಲಿ ಕೂರುತ್ತಿದ್ದರು. ಪರದೆಯ ಮೇಲೆ ಕಾಣುತ್ತಿದ್ದದ್ದು ಆ ದಿನದ ನಿಜವಾದ ಬಿರುಗಾಳಿಯೇ. ಅವರು ಬರೆಯುತ್ತಿದ್ದ ಎಚ್ಚರಿಕೆ ಮಾತ್ರ ಅಭ್ಯಾಸಕ್ಕೆ. ಅದು ಜನರಿಗೆ ಹೋಗುತ್ತಿರಲಿಲ್ಲ.

ಹಾರದ ಉಪಗ್ರಹದ ಚಿತ್ರ ಬರುತ್ತಿದ್ದದ್ದಾದರೂ ಎಲ್ಲಿಂದ? ಈ ಕಥೆಯಲ್ಲಿ ನನಗೆ ತುಂಬ ಇಷ್ಟವಾಗುವ ಭಾಗ ಇದು. ಗೋಸ್-14 ಎಂಬ ಹಳೆಯ ಉಪಗ್ರಹ, ಬೇಕಾದಾಗ ಇರಲಿ ಎಂದು ಬಾನಿನಲ್ಲಿ ಕಾಯುತ್ತಿತ್ತು. 2012ರಿಂದ ಅದನ್ನೇ ಆಗಾಗ ಎಚ್ಚರಿಸಿ, ಸಣ್ಣ ಪ್ರದೇಶವೊಂದನ್ನು ನಿಮಿಷಕ್ಕೊಮ್ಮೆ ಚಿತ್ರಿಸುವಂತೆ ಮಾಡಿದರು. ಆ ವರ್ಷದ ಸ್ಯಾಂಡಿ ಚಂಡಮಾರುತವನ್ನೂ ಅದು ಹಾಗೆ ಹಿಂಬಾಲಿಸಿತು. ಮಿಂಚಿನ ವಿಷಯಕ್ಕೆ ಇನ್ನೊಂದು ಉಪಾಯ: ಮಿಂಚು ಹೊರಸೂಸುವ ರೇಡಿಯೊ ಅಲೆಗಳನ್ನು ಹಿಡಿಯುವ ಆಂಟೆನಾಗಳು ನೆಲದ ಮೇಲಿದ್ದವು. ಅವುಗಳ ಲೆಕ್ಕವನ್ನು, ಮೇಲಿನಿಂದ ನೋಡಿದರೆ ಹೇಗಿದ್ದೀತೋ ಹಾಗೆ ಸುಮಾರು ಎಂಟು ಕಿಲೋಮೀಟರ್ ಅಗಲದ ಚೌಕಗಳಲ್ಲಿ ಹಾಕಿಕೊಟ್ಟರು. ಒಂದು ಮೋಡದಲ್ಲಿ ಮಿಂಚು ಇದ್ದಕ್ಕಿದ್ದಂತೆ ಹೆಚ್ಚಾದರೆ, ಒಳಗೆ ಮೇಲೇರುವ ಗಾಳಿ ಬಲವಾಗುತ್ತಿದೆ ಎಂಬ ಸುಳಿವು. ಆಲಿಕಲ್ಲೋ ಬಿರುಗಾಳಿಯೋ ಬರುವ ಮೊದಲೇ ಆ ಸುಳಿವು ಸಿಗಬಹುದು.

ಕಲಿಕೆ ಒಂದೇ ದಿಕ್ಕಿನಲ್ಲಿ ನಡೆಯಲಿಲ್ಲ. ಈ ಚಿತ್ರ ಉಪಯೋಗಕ್ಕೆ ಬಂತು, ಈ ಬಣ್ಣ ಗೊಂದಲ ಮಾಡಿತು ಎಂದು ಮುನ್ಸೂಚಕರು ಹೇಳುತ್ತಿದ್ದರು, ವಿಜ್ಞಾನಿಗಳು ತಿದ್ದಿಕೊಳ್ಳುತ್ತಿದ್ದರು. ಉಪಗ್ರಹ ಕಟ್ಟುವವರಷ್ಟೇ ಈ ಮುನ್ಸೂಚಕರೂ ಮುಖ್ಯ ಎಂದು ನಾನು ನಂಬುತ್ತೇನೆ.

2014ರಲ್ಲಿ ಜಪಾನಿನ ಹಿಮಾವರಿ-8 ಹಾರಿತು. ಅದರ ಕ್ಯಾಮೆರಾ ಗೋಸ್-16ರ ಕ್ಯಾಮೆರಾದ ಒಡಹುಟ್ಟಿದ್ದು ಎನ್ನಬಹುದು. ಅಮೆರಿಕದವರು ಅದರ ಚಿತ್ರಗಳನ್ನೂ ನೋಡಿ ಕಲಿತರು. ಎರಡು ಕ್ಯಾಮೆರಾಗಳಲ್ಲಿ ಒಂದು ವ್ಯತ್ಯಾಸವಿದೆ: ಹಿಮಾವರಿಗೆ ಹಸಿರು ಬೆಳಕು ಕಾಣುತ್ತದೆ, ಗೋಸ್-16ಕ್ಕೆ ಕಾಣುವುದಿಲ್ಲ! ಹಾಗಿದ್ದರೆ ಗೋಸ್-16ರ ಚಿತ್ರಗಳಲ್ಲಿ ಕಾಡು ಹಸಿರಾಗಿ ಕಾಣುವುದು ಹೇಗೆ? ನೀಲಿ, ಕೆಂಪು, ಮತ್ತು ಎಲೆಗಳು ಚೆನ್ನಾಗಿ ಪ್ರತಿಫಲಿಸುವ ಇನ್ನೊಂದು ಬೆಳಕು ಎಷ್ಟೆಷ್ಟಿದ್ದರೆ ಹಸಿರು ಎಷ್ಟಿರುತ್ತದೆ ಎಂಬುದನ್ನು ಹಿಮಾವರಿಯ ಚಿತ್ರಗಳಿಂದ ಕಲಿತು, ಆ ಲೆಕ್ಕದಂತೆ ಕಂಪ್ಯೂಟರು ಹಸಿರನ್ನು ತುಂಬುತ್ತದೆ.